ಬೈತಲೆಯ ಗೆರೆಯಿಂದ ಶುರು

ಕೇಳುಗರಿಗೆ ನಮಸ್ಕಾರ.

ತಲೆಗೊಂದು ಟ್ರೀಟ್‌ಮೆಂಟ್ ಆಗಬೇಕು ಅಂತ ಪಾರ್ಲರಿಗೆ ಬಂದು ಕುರ್ಚಿಯಲ್ಲಿ ಕೂತವರ ನೆತ್ತಿಗೆ ಮೊದಲು ಬೀಳಬೇಕಾದದ್ದು ಬೆಳಕು. ಎಣ್ಣೆ, ಶಾಂಪೂ, ಹಬೆ ಎಲ್ಲಕ್ಕೂ ಸರದಿ ಆಮೇಲೆ. ಕೂದಲು ಒಣಗಿರುವಾಗಲೇ ನೋಡಬೇಕು. ಒದ್ದೆಯಾಯಿತೆಂದರೆ ಹೊಟ್ಟು ಚರ್ಮಕ್ಕೆ ಅಂಟಿಕೊಂಡು ಕಣ್ಣಿಗೇ ಬೀಳುವುದಿಲ್ಲ. ಸಪೂರ ಬಾಲದ ಬಾಚಣಿಗೆಯಲ್ಲಿ ಹಣೆಯಿಂದ ಹಿಂದಕ್ಕೆ ಒಂದು ಬೈತಲೆ, ಎರಡು ಸೆಂಟಿಮೀಟರ್ ಬಿಟ್ಟು ಇನ್ನೊಂದು, ಹೀಗೆ ಕಿವಿಯ ಹಿಂದಿನವರೆಗೂ ಗೆರೆ ಗೆರೆಯಾಗಿ ತೆರೆದು ನೋಡುತ್ತಾ ಹೋಗಬೇಕು. ಐದು ನಿಮಿಷದ ಕೆಲಸ. ಮುಂದಿನ ಒಂದು ಗಂಟೆಯಲ್ಲಿ ಏನು ಮಾಡಬೇಕು, ಏನು ಮಾಡಲೇಬಾರದು ಅನ್ನುವುದು ಈ ಐದು ನಿಮಿಷದಲ್ಲೇ ತೀರ್ಮಾನವಾಗುತ್ತದೆ. ಆದರೆ ಗಡಿಬಿಡಿಯಲ್ಲಿ ಎಲ್ಲರೂ ಮೊದಲು ಕೈಬಿಡುವುದೂ ಇದನ್ನೇ.

ಕೆಲವು ಕಡೆ ಪೆನ್ನಿನಂಥ ಪುಟ್ಟ ಕ್ಯಾಮೆರಾವನ್ನು ನೆತ್ತಿಗೆ ತಾಗಿಸಿ, 50ರಿಂದ 200 ಪಟ್ಟು ದೊಡ್ಡದಾಗಿಸಿ ಪರದೆಯ ಮೇಲೆ ತೋರಿಸುತ್ತಾರೆ. ಒಳ್ಳೆಯ ಸಾಧನವೇ. ಆದರೆ ಅಷ್ಟು ದೊಡ್ಡದು ಮಾಡಿದರೆ ಯಾರ ತಲೆಯಾದರೂ ಕಾಡುಬಿದ್ದ ಹೊಲದಂತೆಯೇ ಕಾಣುತ್ತದೆ. ಚಿತ್ರ ನೋಡಿ ಗಾಬರಿಯಾಗಬೇಡಿ. ಅದೇ ತಲೆಯ ಎರಡು ಜಾಗ ಹೋಲಿಸಿ ತೋರಿಸಲು ಕೇಳಿ: ಹೆಡತಲೆಯದೊಂದು, ನೆತ್ತಿಯದೊಂದು. ಹೆಡತಲೆಯಲ್ಲಿ ಒಂದೇ ರಂಧ್ರದಿಂದ ಎರಡು ಮೂರು ಕೂದಲು ಒಟ್ಟಿಗೆ ಎದ್ದಿದ್ದು, ನೆತ್ತಿಯಲ್ಲಿ ಒಂದೊಂದೇ ಸಣಕಲಾಗಿ ನಿಂತಿದ್ದರೆ ಆ ಅಂತರಕ್ಕೆ ಅರ್ಥವಿದೆ. ಕೂದಲು ತೆಳ್ಳಗಾಗುತ್ತಿರುವುದರ ಗುರುತು ಅದು.

ಬೈತಲೆಯಲ್ಲಿ ಕಾಣುವ ಬಿಳಿಯೆಲ್ಲ ಹೊಟ್ಟಲ್ಲ. ಉಗುರಿನಿಂದ ಕೆರೆದರೆ ಹಿಟ್ಟಿನ ಹಾಗೆ ಸಣ್ಣಗೆ ಉದುರಿ, ಚರ್ಮ ಬಿಗಿದುಕೊಂಡಂತಿದ್ದರೆ ಅದು ಬರೀ ಒಣತನ. ಹಳದಿ ಛಾಯೆಯ, ಜಿಡ್ಡುಜಿಡ್ಡಾದ, ಬೆರಳಲ್ಲಿ ಹಿಚುಕಿದರೆ ಅಂಟುವ ಪದರ ನಿಜವಾದ ಹೊಟ್ಟು. ಕೂದಲಿನ ಸುತ್ತ ಮೇಣದಂತೆ ಕೂತು, ತೊಳೆದರೂ ಬಿಡದಿದ್ದರೆ ಜೆಲ್, ಸ್ಪ್ರೇ, ಒಣ ಶಾಂಪೂಗಳು ಸೇರಿ ಕಟ್ಟಿದ ಪೊರೆ. ಬೆಳ್ಳಿ ಬಣ್ಣದ ದಪ್ಪ ಹಕ್ಕಳೆ ಹಣೆಯ ಕೂದಲಂಚು ದಾಟಿ ಹೊರಗೂ ಇಣುಕುತ್ತಿದ್ದರೆ ಸೋರಿಯಾಸಿಸ್ ಎಂಬ ಚರ್ಮರೋಗ ಇರಬಹುದು. ಅದನ್ನು ಕೆರೆಯಲೇಬಾರದು. ಸೋರಿಯಾಸಿಸ್ ಇರುವ ಚರ್ಮ ಗಾಯವಾದ ಜಾಗದಲ್ಲೇ ಹೊಸ ಹಕ್ಕಳೆ ಎಬ್ಬಿಸುತ್ತದೆ.

ಹೊಟ್ಟಿನ ವಿಷಯದಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಎಲ್ಲರ ತಲೆಯ ಮೇಲೂ ಮಲಸೇಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರ ವಾಸವಾಗಿರುತ್ತದೆ. ತನಗೆ ಬೇಕಾದ ಕೊಬ್ಬಿನಾಮ್ಲಗಳನ್ನು ತಾನೇ ತಯಾರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ನಮ್ಮ ಜಿಡ್ಡನ್ನು ಒಡೆದು ತಿನ್ನುತ್ತದೆ, ತಿಂದುಳಿದ ಒಲೀಕ್ ಆಮ್ಲವನ್ನು ಅಲ್ಲೇ ಬಿಡುತ್ತದೆ. ಆ ಆಮ್ಲ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ತುರಿಕೆ ಏಳುತ್ತದೆ, ಚರ್ಮದ ಕೋಶಗಳು ಬಲಿಯುವ ಮುನ್ನವೇ ಗುಂಪುಗುಂಪಾಗಿ ಕಳಚುತ್ತವೆ. ಹೀಗಿರುವಾಗ ಹೊಟ್ಟಿನ ತಲೆಗೆ ಎಣ್ಣೆ ತುಂಬಿ ರಾತ್ರಿಯಿಡೀ ಬಿಟ್ಟರೆ ಏನಾಗುತ್ತದೆ? ಹಕ್ಕಳೆ ನೆನೆದು ಅಂಟಿಕೊಳ್ಳುವುದರಿಂದ ಒಂದು ದಿನ ಹೊಟ್ಟು ಮಾಯವಾದಂತೆ ಕಾಣುತ್ತದೆ. ಒಳಗೆ ಶಿಲೀಂಧ್ರಕ್ಕೆ ಊಟ ಬಡಿಸಿದಂತಾಗಿರುತ್ತದೆ. ಕೆಲಸ ಗೊತ್ತಿದ್ದವರು ಒಣ ತಲೆಗೆ ಎಣ್ಣೆ ಹಚ್ಚುತ್ತಾರೆ, ಹೊಟ್ಟಿನ ತಲೆಗೆ ಹಚ್ಚುವುದಿಲ್ಲ.

ನಾಣ್ಯದಷ್ಟಗಲ ನುಣ್ಣಗೆ ಬೋಳಾದ ಜಾಗ, ಕೀವು ತುಂಬಿದ ಗುಳ್ಳೆ, ಹುಳುಕಡ್ಡಿ, ಹೇನು, ತೆರೆದ ಗಾಯ, ಬಿಸಿಲಿಗೆ ಸುಟ್ಟ ಚರ್ಮ ಕಂಡರೆ ಬಾಚಣಿಗೆ ಕೆಳಗಿಟ್ಟು ವೈದ್ಯರ ಬಳಿ ಕಳಿಸಬೇಕು. ಕೂದಲಿಗೆ ಬಣ್ಣ ಅಥವಾ ಬ್ಲೀಚ್ ಹಾಕಿಸಿ ವಾರವೂ ಆಗಿಲ್ಲದಿದ್ದರೆ, ಈಗ ಹೇಳಲಿರುವ ಆಮ್ಲ ಹಚ್ಚಿ ಶುದ್ಧಿ ಮಾಡುವ ಕೆಲಸ ಮುಂದಕ್ಕೆ ಹಾಕುವುದು ಲೇಸು.

ಇನ್ನು ಶುದ್ಧಿ. ಸಕ್ಕರೆ, ಉಪ್ಪು, ಒಡೆದ ಬೀಜದ ಪುಡಿ ಹಾಕಿದ ಸ್ಕ್ರಬ್‌ಗಳು ಮುಖಕ್ಕೆ ಹೇಗೋ ಏನೋ, ತಲೆಗೆ ಅಷ್ಟು ಹೊಂದುವುದಿಲ್ಲ. ಹರಳಿನ ಚೂಪು ಅಂಚು ಕಣ್ಣಿಗೆ ಕಾಣದ ಗೀರು ಹಾಕುತ್ತದೆ, ದಟ್ಟ ಕೂದಲಿನ ಬುಡದಲ್ಲಿ ಕಣಗಳು ಉಳಿದುಬಿಡುತ್ತವೆ. 1ರಿಂದ 2 ಶೇಕಡಾ ಸ್ಯಾಲಿಸಿಲಿಕ್ ಆಮ್ಲದ ದ್ರಾವಣ ವಾಸಿ. ಅದು ಜಿಡ್ಡಿನಲ್ಲಿ ಕರಗುವ ಗುಣದ್ದು. ರಂಧ್ರದ ಬಾಯಲ್ಲಿ ಕೂತ ಮೇಣದೊಳಕ್ಕೇ ಇಳಿಯುತ್ತದೆ. ಮೂತಿ ಇರುವ ಬಾಟಲಿಯಿಂದ ಬೈತಲೆಯ ಗೆರೆಗಳ ಮೇಲೆ ಮಾತ್ರ ಬಿಡಬೇಕು. ಇಡೀ ತಲೆಗೆ 10ರಿಂದ 15 ಮಿಲಿಲೀಟರ್ ಸಾಕು. ಲೇಬಲ್ ಹೇಳಿದಷ್ಟೇ ಹೊತ್ತು ಬಿಡಿ, ಬಹುಪಾಲು ಐದರಿಂದ ಹತ್ತು ನಿಮಿಷ. ಚುರುಚುರು ಅಂದರೆ ಸರಿ, ಉರಿ ಅಂದರೆ ಆ ಕ್ಷಣವೇ ತೊಳೆಯಬೇಕು. ಆಸ್ಪಿರಿನ್ ಒಗ್ಗದವರಿಗೆ ಇದನ್ನು ಹಚ್ಚುವಂತಿಲ್ಲ, ಆದ್ದರಿಂದ ಹಚ್ಚುವ ಮುಂಚೆ ಕೇಳಲೇಬೇಕು. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು 28 ದಿನ ಬೇಕು. ಹಾಗಾಗಿ ಇದನ್ನು ತಿಂಗಳಿಗೊಮ್ಮೆ ಮಾಡಿಸಿದರೆ ಧಾರಾಳವಾಯಿತು. ವಾರವಾರ ಮಾಡಿದರೆ ಬಲಿಯದ ಚರ್ಮವನ್ನೇ ಸುಲಿದಂತಾಗಿ, ಯಾವ ತುರಿಕೆ ಹೋಗಲೆಂದು ಬಂದಿರೋ ಅದೇ ತುರಿಕೆ ಮನೆವರೆಗೂ ಬರುತ್ತದೆ.

ತೊಳೆಯುವ ಬೇಸಿನ್ನಿನ ಹತ್ತಿರ ಒಂದು ಎಚ್ಚರಿಕೆ. 1993ರಲ್ಲಿ ಅಮೆರಿಕದ ನರರೋಗ ತಜ್ಞ ಮೈಕೆಲ್ ವೈನ್‌ಟ್ರಾಬ್, ಪಾರ್ಲರಿನ ಬೇಸಿನ್ನಿಗೆ ಕತ್ತು ಹಿಂದಕ್ಕೆ ಚಾಚಿ ತಲೆ ತೊಳೆಸಿಕೊಂಡ ಮೇಲೆ ಮಿದುಳಿನ ರಕ್ತ ಸಂಚಾರಕ್ಕೆ ತೊಂದರೆಯಾದ ಕೆಲವು ಮಹಿಳೆಯರ ವಿವರ ಪ್ರಕಟಿಸಿದರು. ಕತ್ತು ಅತಿಯಾಗಿ ಹಿಂದಕ್ಕೆ ಬಾಗಿದಾಗ ಬೆನ್ನುಮೂಳೆಯ ಪಕ್ಕದಲ್ಲಿ ಮೇಲೇರುವ ರಕ್ತನಾಳ ಹಿಂಡಿದಂತಾಗುತ್ತದೆ. ಇದು ಬಲು ಅಪರೂಪ. ಆದರೂ ಮಡಚಿದ ಟವೆಲೊಂದನ್ನು ಹೆಕ್ಕತ್ತಿನ ಕೆಳಗಿಟ್ಟರೆ, ಬಾಗು ತಗ್ಗುವಂತೆ ಕುರ್ಚಿ ಸರಿಪಡಿಸಿದರೆ ಕಷ್ಟವೇನು? ತಲೆ ಸುತ್ತಿತು, ಕಣ್ಣು ಮಂಜಾಯಿತು ಅಂದರೆ ಕೂಡಲೇ ನೆಟ್ಟಗೆ ಕೂರಿಸಬೇಕು. ಮಸಾಜ್ ಮುಗಿಸಿ ಕತ್ತನ್ನು ಗಕ್ಕನೆ ತಿರುಗಿಸಿ ‘ಲಟಕ್’ ಅನ್ನಿಸುವ ಚಾಳಿ ಇದಕ್ಕಿಂತ ಕೆಟ್ಟದ್ದು. ಆ ತಿರುಚಿನಲ್ಲಿ ರಕ್ತನಾಳದ ಒಳಪದರವೇ ಹರಿಯಬಹುದು. ಬೇಡ ಎಂದು ಮೊದಲೇ ಹೇಳಿಬಿಡಿ.

ನೀರು ಮೈಬಿಸಿಯಷ್ಟಿರಲಿ, 37–38 ಡಿಗ್ರಿ. ಶಾಂಪೂ ಎರಡು ಸಲ. ಮೊದಲ ಸಲ ನೊರೆ ಬರದಿದ್ದರೆ ಇನ್ನಷ್ಟು ಸುರಿಯುವುದು ಬೇಡ. ಜಿಡ್ಡು ಅದನ್ನು ನುಂಗಿದೆ ಅಷ್ಟೆ. ತೊಳೆದು ಎರಡನೇ ಸಲ ಹಾಕಿದರೆ ಅರ್ಧದಷ್ಟರಲ್ಲೇ ನೊರೆ ಏಳುತ್ತದೆ. ಶಿಲೀಂಧ್ರ ಹತ್ತಿಕ್ಕಲು ವೈದ್ಯರು ಬರೆದುಕೊಟ್ಟ 2 ಶೇಕಡಾ ಕೀಟೋಕೊನಜೋಲ್ ಶಾಂಪೂ ಆದರೆ ಮೂರರಿಂದ ಐದು ನಿಮಿಷ ಚರ್ಮದ ಮೇಲೆ ಇರಬೇಕು, ಹಚ್ಚಿದ ಕೂಡಲೇ ತೊಳೆದರೆ ದುಡ್ಡು ಮೋರಿಗೆ ಹೋಯಿತು. ಕಂಡಿಷನರ್ ಕೂದಲಿನ ತುದಿಗೆ ಇರಲಿ, ಬುಡಕ್ಕೆ ಬೇಡ.

ಇಷ್ಟಾದ ಮೇಲೆ ಮಸಾಜ್. ಶಾಂಪೂ ಎಂಬ ಪದದ ಮೂಲ ಹಿಂದಿಯ ‘ಚಾಂಪೋ’, ಅಂದರೆ ಒತ್ತು, ಅಮುಕು. ಇಂಗ್ಲಿಷಿಗೆ ಹೋದ ಹೊಸತರಲ್ಲೂ ಆ ಪದಕ್ಕೆ ಮೈ ಒತ್ತುವುದೆಂಬ ಅರ್ಥವೇ ಇತ್ತು, ಸಾಬೂನಿನ ಅರ್ಥ ತಡವಾಗಿ ಬಂದು ಅಂಟಿತು. ಒಳ್ಳೆಯ ತಲೆ ಮಸಾಜಿನ ಗುಟ್ಟು ಆ ಹಳೆಯ ಅರ್ಥದಲ್ಲೇ ಇದೆ: ಒತ್ತಬೇಕು, ತಿಕ್ಕಬಾರದು. ತಲೆಯ ಚರ್ಮ, ಅದರ ಕೆಳಗಿನ ಕೊಬ್ಬಿನ ಪದರ, ಅದಕ್ಕೂ ಕೆಳಗಿನ ಗಟ್ಟಿ ಪೊರೆ ಮೂರೂ ಒಂದಕ್ಕೊಂದು ಬೆಸೆದುಕೊಂಡು, ಬುರುಡೆಯ ಮೇಲೆ ಒಟ್ಟಾಗಿ ಜಾರುತ್ತವೆ. ಈಗಲೇ ಹತ್ತೂ ಬೆರಳು ಅಗಲಿಸಿ ನೆತ್ತಿಯ ಮೇಲೆ ಊರಿ ನೋಡಿ. ಬೆರಳು ಕದಲದೆ ಚರ್ಮವೇ ಮೂಳೆಯ ಮೇಲೆ ಮುಂದಕ್ಕೂ ಹಿಂದಕ್ಕೂ ಸರಿದರೆ ಅದೇ ಸರಿಯಾದ ಹಿಡಿತ. ಬೆರಳು ಕೂದಲಿನ ಮೇಲೆ ಜಾರಿ ಸರಸರ ಸದ್ದು ಬಂದರೆ ಅದು ತಿಕ್ಕಾಟ. ಕೂದಲಿಗೆ ಗಂಟು ಬೀಳುತ್ತದೆ, ಒದ್ದೆಯಿದ್ದರಂತೂ ತುಂಡಾಗುತ್ತದೆ.

ಬೆರಳಿನ ಮೆತ್ತೆಯಿಂದ ಒತ್ತಿ ಹಿಡಿದು, ಒಂದೊಂದು ಜಾಗದಲ್ಲೂ ನಿಧಾನವಾಗಿ ಐದಾರು ಸುತ್ತು. ಎತ್ತಿ, ಎರಡು ಬೆರಳಗಲ ಆಚೆಗೆ ಮತ್ತೆ. ಹಣೆಯಂಚಿನಿಂದ ನೆತ್ತಿಗೆ, ಕಿವಿಯ ಮೇಲಿನಿಂದ ನೆತ್ತಿಗೆ, ಕೊನೆಗೆ ಹೆಡತಲೆ. ಕಣತಲೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿದರೆ ಅಲ್ಲೊಂದು ಸ್ನಾಯು ಉಬ್ಬುತ್ತದೆ. ರಾತ್ರಿ ಹಲ್ಲು ಕಡಿಯುವವರಲ್ಲಿ ಅದು ಕಲ್ಲಿನಂತಿರುತ್ತದೆ. ಅಲ್ಲಿ ಅಂಗೈ ಬುಡದಿಂದ ಹಗುರವಾಗಿ ಒತ್ತಿ ಹಿಡಿದರೆ ಸಾಕು. ಬುರುಡೆ ಮುಗಿದು ಕತ್ತು ಶುರುವಾಗುವ ತಗ್ಗಿನಲ್ಲಿ ಮಾತ್ರ ಒತ್ತುವ ಕೆಲಸವೇ ಇಲ್ಲ. ಮಲಗಿದವರ ತಲೆಯ ಕೆಳಗೆ ಬೆರಳ ತುದಿಗಳನ್ನು ಮೇಲ್ಮುಖವಾಗಿ ಇಟ್ಟು ಒಂದು ನಿಮಿಷ ಸುಮ್ಮನಿರಬೇಕು. ನಾಲ್ಕೈದು ಕಿಲೋ ತೂಗುವ ತಲೆ ತನ್ನ ಭಾರದಿಂದಲೇ ತಾನು ಒತ್ತಿಸಿಕೊಳ್ಳುತ್ತದೆ. ಬಿಗಿದ ಸ್ನಾಯು ಸಡಿಲವಾಗುತ್ತಿದ್ದಂತೆ ತಲೆ ಇನ್ನೂ ಭಾರವಾದಂತೆ ಕೈಗೆ ತಿಳಿಯುತ್ತದೆ.

ನಿಧಾನ ಯಾಕೆ ಎಂದರೆ, ಕೂದಲಿರುವ ಚರ್ಮದಲ್ಲಿ ಸವರುವಿಕೆಯ ಹಿತವನ್ನೇ ತಿಳಿಸುವ ಒಂದು ಬಗೆಯ ತೆಳು ನರಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದಾಗ ಅವು ಚೆನ್ನಾಗಿ ಸ್ಪಂದಿಸುತ್ತವೆ. ಅವಸರದ ಕೈಗೆ ಅವು ಓಗೊಡುವುದಿಲ್ಲ. ಬಾಟಲಿ ತೆಗೆದುಕೊಳ್ಳುವಾಗಲೂ ಒಂದು ಕೈ ತಲೆಯ ಮೇಲೆಯೇ ಇರಬೇಕು. ಎರಡೂ ಕೈ ಒಮ್ಮೆಲೇ ಎತ್ತಿದರೆ ಅರೆನಿದ್ದೆಯಲ್ಲಿದ್ದವರು ಕಣ್ಣು ತೆರೆಯುತ್ತಾರೆ, ಮತ್ತೆ ಅಲ್ಲಿಗೆ ಕರೆದೊಯ್ಯಲು ಐದು ನಿಮಿಷ ಹಿಡಿಯುತ್ತದೆ.

ಹಬೆ ಹತ್ತು ನಿಮಿಷ ಸಾಕು, ಅದೂ ಒಣ ತಲೆಗೆ. ಕೆಂಪಾಗಿ ಉರಿಯುವ ತಲೆಗೆ ಬೇಡ. ಗಾಜಿನ ಬಾಚಣಿಗೆಯಂಥ, ಚಿರಿಚಿರಿ ಸದ್ದಿನ, ನೆತ್ತಿಗೆ ಸಣ್ಣಗೆ ವಿದ್ಯುತ್ ತಾಗಿಸುವ ಹೈ ಫ್ರೀಕ್ವೆನ್ಸಿ ಯಂತ್ರದ ನೇರಳೆ ಬೆಳಕು ಕೊಳವೆಯೊಳಗಿನ ಆರ್ಗಾನ್ ಅನಿಲದ್ದು, ಕಿತ್ತಳೆಯದಾದರೆ ನಿಯಾನ್. ಬಣ್ಣಕ್ಕೆ ಮರುಳಾಗುವಂಥದ್ದೇನೂ ಇಲ್ಲ. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಮೂರ್ಛೆರೋಗದವರು ಇದರಿಂದ ದೂರವಿರಬೇಕು. ಆಲ್ಕೋಹಾಲ್ ಇರುವ ಟಾನಿಕ್ ಹಚ್ಚಿದ ತಲೆಗೆ ಇದನ್ನು ತಾಗಿಸಿದರೆ ಕಿಡಿ ಹತ್ತಬಹುದು.

ಹಾಗಾದರೆ ಮಸಾಜಿನಿಂದ ಕೂದಲು ಬೆಳೆಯುತ್ತದೆಯೇ? 2016ರಲ್ಲಿ ಜಪಾನಿನಲ್ಲಿ ಒಂಬತ್ತು ಮಂದಿ ಆರೋಗ್ಯವಂತ ಗಂಡಸರ ತಲೆಗೆ ದಿನಕ್ಕೆ 4 ನಿಮಿಷದಂತೆ 24 ವಾರ ಮಸಾಜ್ ಮಾಡಿದ ಅಧ್ಯಯನ ಪ್ರಕಟವಾಯಿತು. ಕೂದಲಿನ ದಪ್ಪ ಸರಾಸರಿ 0.085 ಮಿಲಿಮೀಟರಿನಿಂದ 0.092ಕ್ಕೆ ಏರಿತ್ತು. ಕೂದಲಿನ ಸಂಖ್ಯೆ ಹೆಚ್ಚಲಿಲ್ಲ. ಒಂಬತ್ತೇ ಮಂದಿ, ಅದೂ ದಿನವೂ ಮಸಾಜ್ ಆದವರು. ತಿಂಗಳಿಗೊಮ್ಮೆ ಪಾರ್ಲರಿಗೆ ಹೋಗುವವರು ಈ ಲೆಕ್ಕವನ್ನು ತಮ್ಮದೆಂದು ತಿಳಿಯುವಂತಿಲ್ಲ. ಇನ್ನೊಂದು ಮೋಸ ಕಾಲದ್ದು. ಜೋರು ಜ್ವರ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆಯಾದ ಎರಡು ಮೂರು ತಿಂಗಳಿಗೆ ಕೂದಲು ಬುಡಬುಡನೆ ಉದುರಲು ತೊಡಗುತ್ತದೆ, ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಉದುರುವುದು ಜೋರಾಗಿದ್ದಾಗ ಟ್ರೀಟ್‌ಮೆಂಟಿಗೆ ಬಂದವರಿಗೆ ನಾಲ್ಕನೇ ಸಲ ಬರುವಷ್ಟರಲ್ಲಿ ಅದು ನಿಂತಿರುತ್ತದೆ. ಹೊಗಳಿಕೆ ಯಾರಿಗೆ ಹೋಗುತ್ತದೆಂದು ಹೇಳಬೇಕಿಲ್ಲ.

ಎದ್ದು ಬರುವ ಮುನ್ನ ಬುಡ ಪೂರ್ತಿ ಒಣಗಿದೆಯೇ ಎಂದು ಬೆರಳಾಡಿಸಿ ನೋಡಿ. ಡ್ರೈಯರ್ ಹದವಾದ ಬಿಸಿಯಲ್ಲಿ, ಒಂದು ಗೇಣು ದೂರದಲ್ಲಿರಲಿ. ಟವೆಲಿನಲ್ಲಿ, ಬೇಸಿನ್ನಿನಲ್ಲಿ ಉದುರಿದ ಕೂದಲು ಕಂಡು ಹೆದರುವವರು ಬಹಳ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಎರಡು ದಿನ ಬಾಚದೆ, ತೊಳೆಯದೆ ಬಂದಿದ್ದರೆ ಅವೆಲ್ಲ ಒಟ್ಟಿಗೇ ಕೈಗೆ ಬರುತ್ತವೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಬಿಳಿಯ ಸಣ್ಣ ಚುಕ್ಕಿಯಂಥ ಗಡ್ಡೆಯಿದ್ದರೆ, ಅದು ಸುಮಾರು ಮೂರು ತಿಂಗಳ ಹಿಂದೆಯೇ ಬೆಳೆಯುವುದನ್ನು ನಿಲ್ಲಿಸಿ ಹೊರಡಲು ಕಾದು ಕೂತಿದ್ದ ಕೂದಲು. ಎರಡೂ ತುದಿಯಲ್ಲಿ ಗಡ್ಡೆಯಿಲ್ಲದೆ ತುಂಡಾಗಿದ್ದರೆ ಕೂದಲು ನಡುವೆ ಮುರಿದಿದೆ. ಅಂಥವು ಏಳೆಂಟು ಸಿಕ್ಕರೆ, ಬಾಚಿದವರನ್ನು ಕರೆದು ತೋರಿಸಿ.