ಸಣ್ಣ ಮನೆಗೆ ಎಷ್ಟು ಸಾಮಾನು?

ಹಾಸನ ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಹಾಸನಾಂಬೆಯ ಗುಡಿ ತೆರೆಯುವುದು ವರ್ಷಕ್ಕೊಮ್ಮೆ. ಆಶ್ವಯುಜ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ಬಾಗಿಲು ತೆಗೆದರೆ, ಬಲಿಪಾಡ್ಯಮಿ ಆಗುವವರೆಗೆ ಊರ ತುಂಬ ಜನ. ಆಗ ಹಾಸನದಲ್ಲಿ ಮನೆ ಇರುವವರ ಪಾಡು ನಿಮಗೆ ಗೊತ್ತೇ ಇದೆ. ದೊಡ್ಡಪ್ಪನ ಮನೆಯವರು, ಅತ್ತೆ ಕಡೆಯವರು, ಅವರ ಪಕ್ಕದ ಮನೆಯವರು, ಎಲ್ಲರೂ ದರ್ಶನಕ್ಕೆ ಬರುತ್ತಾರೆ. ಸಾಲಿನಲ್ಲಿ ನಿಂತು ಕಾಲು ಸೋತು, ರಾತ್ರಿ ಉಳಿಯುವುದು ನಿಮ್ಮ ಮನೆಯಲ್ಲೇ. ತೊಟ್ಟಿ ಮನೆಯಾಗಿದ್ದರೆ ಎಷ್ಟು ಜನ ಬಂದರು ಅಂತ ಯಾರೂ ಎಣಿಸುತ್ತಿರಲಿಲ್ಲ. ಈಗ ಇರುವುದು ಒಂದು ಹಾಲ್, ಒಂದೋ ಎರಡೋ ಕೋಣೆ, ಇಬ್ಬರು ನಿಂತರೆ ಮೂರನೆಯವರು ಹೊರಗೆ ನಿಲ್ಲಬೇಕಾದ ಅಡುಗೆಮನೆ.

ಈ ನೆಂಟರನ್ನು ನೆನಪಿಸಿಕೊಂಡೇ ಎಷ್ಟೋ ಜನ ದೊಡ್ಡ ಸೋಫಾ ಸೆಟ್ ತಂದು ಹಾಕುತ್ತಾರೆ. ಬಂದವರು ಕೂರಬೇಕಲ್ಲ, ಅಂತ. ಲೆಕ್ಕ ಹಾಕಿ ನೋಡಿ. ಮೂವರು ಕೂರುವ ಸೋಫಾ ಸುಮಾರು 6 ಅಡಿಗಿಂತ ಉದ್ದ, ಹತ್ತಿರ ಹತ್ತಿರ 3 ಅಡಿ ಅಗಲ. ಅದರ ಜೊತೆ ಎರಡು ಒಂಟಿ ಸೋಫಾ, ನಡುವೆ ಟೀಪಾಯಿ. ಅಲ್ಲಿಗೆ 10 ಅಡಿಗೆ 14 ಅಡಿಯ ಹಾಲ್ ಮುಗಿಯಿತು. ರಾತ್ರಿ ಆ ಸೋಫಾದ ಮೇಲೆ ಒಬ್ಬರೇ ಮಲಗಬಹುದು, ಅದೂ ಕಾಲು ಮಡಚಿಕೊಂಡು. ಉಳಿದವರಿಗೆ ಚಾಪೆ ಹಾಸೋಣ ಅಂದರೆ ನೆಲವೇ ಇಲ್ಲ. ವರ್ಷದಲ್ಲಿ ನಾಲ್ಕು ದಿನ ಬರುವವರಿಗಾಗಿ ತಂದದ್ದು ಆ ನಾಲ್ಕು ದಿನವೂ ಉಪಯೋಗಕ್ಕೆ ಬರಲಿಲ್ಲ, ಮಿಕ್ಕ ದಿನ ಮನೆಯವರ ಓಡಾಟಕ್ಕೆ ಅಡ್ಡ.

ನಮ್ಮ ಹಳೇ ಮನೆಗಳಲ್ಲಿ ಸಾಮಾನು ಕಡಿಮೆ ಇತ್ತು ಅಂತ ಹೇಳುವುದುಂಟು. ಸಾಮಾನು ಕಡಿಮೆ ಇರಲಿಲ್ಲ. ನೆಲದ ಮೇಲೆ ಕಡಿಮೆ ಇತ್ತು. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಸುತ್ತಿ ಮೂಲೆಗೆ ಹೋಗುತ್ತಿತ್ತು. ಊಟ ಆದ ಮೇಲೆ ಮಣೆ ಗೋಡೆಗೆ ಒರಗುತ್ತಿತ್ತು. ಗೋಡೆಯಲ್ಲಿ ಗೂಡು, ಗೂಡಲ್ಲಿ ದೀಪ. ಗೂಟಕ್ಕೆ ಅಂಗಿ, ನೆಲುವಿಗೆ ಮೊಸರಿನ ಗಡಿಗೆ, ತಲೆ ಮೇಲೆ ಅಟ್ಟ. ಅದೇ ಪಡಸಾಲೆಯಲ್ಲಿ ಊಟ, ಅಲ್ಲೇ ನಿದ್ದೆ, ಅಲ್ಲೇ ಮಕ್ಕಳ ಪಾಠ. ಸಣ್ಣ ಫ್ಲಾಟಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗಂತೂ ಕಂಡಿಲ್ಲ. ನೆಲ ಖಾಲಿ ಬಿಡಿ. ಕೆಲಸ ಮುಗಿದ ಮೇಲೆ ಎದ್ದು ಪಕ್ಕಕ್ಕೆ ಹೋಗುವ ಸಾಮಾನನ್ನೇ ಆರಿಸಿ. ಹಾಲ್‌ಗೆ ಸೋಫಾ ಬದಲು ಒಂದು ದಿವಾನ್ ಸಾಕು. ಎರಡೂವರೆ ಅಡಿ ಅಗಲ, 6 ಅಡಿ ಉದ್ದ. ಹಗಲು ಮೂವರು ಕೂರಬಹುದು, ರಾತ್ರಿ ಒಬ್ಬರು ನೆಟ್ಟಗೆ ಮಲಗಬಹುದು. ಅಡಿಯಲ್ಲಿ ಖಾನೆ ಮಾಡಿಸಿಕೊಂಡರೆ ನೆಂಟರ ಜಮಖಾನ, ಹೊದಿಕೆ ಅಲ್ಲೇ ಹಿಡಿಸುತ್ತದೆ.

ಸೋಫಾ ಕಮ್ ಬೆಡ್ ತಗೊಳ್ಳಬಹುದಲ್ವಾ ಅಂತ ಕೇಳುವವರು ಜಾಸ್ತಿ. ತಗೊಳ್ಳಿ, ಆದರೆ ಅಂಗಡಿಯಲ್ಲೇ ಅದನ್ನು ನೀವೇ ಎಳೆದು ಬಿಚ್ಚಿ ನೋಡಿ, ಅಂಗಡಿಯ ಹುಡುಗ ಬಿಚ್ಚಿ ತೋರಿಸಿದರೆ ಸಾಲದು. ಬಿಚ್ಚಿದಾಗ ಅದು ಮುಂದಕ್ಕೆ 6 ಅಡಿ ಬರುತ್ತದೆ. ಪ್ರತಿ ರಾತ್ರಿ ಟೀಪಾಯಿ ಸರಿಸಿ, ಕುರ್ಚಿ ಎತ್ತಿಟ್ಟು ಬಿಚ್ಚಬೇಕು ಅಂತಾದರೆ ಒಂದು ತಿಂಗಳಲ್ಲಿ ಬಿಚ್ಚುವುದನ್ನೇ ಬಿಡುತ್ತೀರಿ. ಆಮೇಲೆ ಅದು ಬರೀ ಭಾರದ ಸೋಫಾ.

ಈಗ ಮಲಗುವ ಕೋಣೆಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಮಾಡಬೇಕು, ಯಾಕೆಂದರೆ ಜಾಗ ಹೋಗುವುದು ಇಲ್ಲೇ. ನಿಮ್ಮ ಕೋಣೆ 10 ಅಡಿಗೆ 10 ಅಡಿ ಅಂತಿಟ್ಟುಕೊಳ್ಳಿ. ಇಬ್ಬರು ಮಲಗುವ ಹಾಸಿಗೆ 5 ಅಡಿ ಅಗಲ, ಆರೂವರೆ ಅಡಿ ಉದ್ದ. ಮಂಚದ ಚೌಕಟ್ಟು, ತಲೆಹಲಗೆ ಸೇರಿದರೆ ಉದ್ದ 7 ಅಡಿ ಆಗುತ್ತದೆ. ಕಾಲ ಕಡೆ ಉಳಿಯುವುದು 3 ಅಡಿ. ಅಲ್ಲಿ ಬಟ್ಟೆಯ ಕಪಾಟು ಇಟ್ಟಿರಿ ಅನ್ನಿ. ಹ್ಯಾಂಗರಿಗೆ ಅಂಗಿ ಅಡ್ಡಲಾಗಿ ಹಿಡಿಸಬೇಕಾದರೆ ಕಪಾಟು 2 ಅಡಿ ಆಳ ಇರಲೇಬೇಕು. ಮಿಕ್ಕಿದ್ದು 1 ಅಡಿ. ಕಪಾಟಿನ ಒಂದೊಂದು ಬಾಗಿಲೂ ಒಂದೂವರೆ ಅಡಿ. ಅಂದರೆ ಬಾಗಿಲು ಮಂಚಕ್ಕೆ ಬಡಿಯುತ್ತದೆ, ನೀವು ಮಂಚ ಹತ್ತಿ ಮಂಡಿಯೂರಿ ಸೀರೆ ತೆಗೆಯಬೇಕು. ಇಂಥ ಮನೆಗಳನ್ನು ನಾನು ನೋಡಿದ್ದೇನೆ, ನೀವೂ ನೋಡಿರುತ್ತೀರಿ.

ಅದೇ ಮಂಚವನ್ನು ಒಂದು ಪಕ್ಕದ ಗೋಡೆಯ ಕಡೆಗೆ ಸರಿಸಿ, ಕಪಾಟನ್ನು ಎದುರು ಪಕ್ಕದ ಗೋಡೆಗೆ ಇಡಿ. ಮಂಚಕ್ಕೆ 5 ಅಡಿ ಚಿಲ್ಲರೆ, ಕಪಾಟಿಗೆ 2 ಅಡಿ. ನಡುವೆ ಎರಡೂವರೆ ಅಡಿಯಷ್ಟು ದಾರಿ ಸಿಗುತ್ತದೆ. ಬಾಗಿಲೂ ತೆರೆಯುತ್ತದೆ, ಮನುಷ್ಯರೂ ನಿಲ್ಲಬಹುದು. ಕೋಣೆಯೂ ಅದೇ, ಸಾಮಾನೂ ಅದೇ. ಕಾಲ ಕಡೆಯ 3 ಅಡಿ ಇನ್ನೂ ನಿಮ್ಮ ಕೈಯಲ್ಲೇ ಇದೆ. ಅಲ್ಲಿ ಗೋಡೆಗೆ ಕೀಲು ಹಾಕಿ ಒಂದೂವರೆ ಅಡಿಯ ಮಡಚುವ ಹಲಗೆ ಕೂರಿಸಿದರೆ ಮಗುವಿಗೆ ಓದುವ ಮೇಜಾಯಿತು. ಇನ್ನು ಪಕ್ಕಕ್ಕೆ ಜರುಗುವ ಬಾಗಿಲಿನ ಕಪಾಟು. ಎಲ್ಲರೂ ಅದನ್ನೇ ಹೊಗಳುತ್ತಾರೆ. ಬಾಗಿಲು ಹೊರಗೆ ಬರುವುದಿಲ್ಲ, ನಿಜ. ಆದರೆ ಹಳಿ ಕೂರಿಸಲು ಆಳ ಇನ್ನೂ ಮೂರು ನಾಲ್ಕು ಇಂಚು ಬೇಕು, ಒಂದು ಸಲಕ್ಕೆ ಅರ್ಧ ಕಪಾಟು ಮಾತ್ರ ಕಾಣುತ್ತದೆ.

ಇದನ್ನೆಲ್ಲ ಟೇಪು ಹಿಡಿದು ಕಾಗದದ ಮೇಲೆ ಬರೆದರೆ ಕೆಲವರಿಗೆ ಅಂದಾಜು ಸಿಗುವುದಿಲ್ಲ. ಅವರಿಗೆ ಸುಲಭದ ದಾರಿ ಇದೆ. ಹಳೇ ದಿನಪತ್ರಿಕೆಗಳನ್ನು ಅಂಟಿಸಿ ಮಂಚದ ಅಳತೆಗೆ ಕತ್ತರಿಸಿ ನೆಲಕ್ಕೆ ಹಾಸಿ. ಕಪಾಟಿಗೂ ಹಾಗೇ ಮಾಡಿ. ಎರಡು ದಿನ ಅದನ್ನು ತುಳಿಯದೆ ಓಡಾಡಿ. ರಾತ್ರಿ ನೀರು ಕುಡಿಯಲು ಎದ್ದಾಗ ಕಾಲಿಗೆ ಪೇಪರ್ ಸಿಕ್ಕಿತೋ, ಮುಂದೆ ಅಲ್ಲಿ ಮಂಚದ ಮೂಲೆ ಸಿಗುತ್ತದೆ.

ಇಲ್ಲಿ ಹೆಣ್ಣು ಹೆತ್ತವರಿಗೆ ಒಂದು ಮಾತು ಹೇಳಬೇಕು. ಮಗಳ ಮದುವೆಗೆ ಮಂಚ, ಬೀರು, ಡ್ರೆಸ್ಸಿಂಗ್ ಟೇಬಲ್ ಕೊಡುವುದು ನಮ್ಮ ಕಡೆ ಇನ್ನೂ ಇದೆ. ಪ್ರೀತಿಯಿಂದಲೇ ಕೊಡುತ್ತೀರಿ. ಆದರೆ ಅವರು ಬಾಡಿಗೆಗೆ ಹಿಡಿಯುವ ಮನೆಯನ್ನು ಮದುವೆಗೆ ಮುಂಚೆ ಯಾರು ನೋಡಿರುತ್ತಾರೆ? ಸ್ಟೀಲಿನ ಬೀರು ಆರೂವರೆ ಅಡಿ ಎತ್ತರ, 3 ಅಡಿ ಅಗಲ. ಅಟ್ಟದ ಸಜ್ಜಾ ಕೆಳಗೆ ಬಂದಿದ್ದರೆ ಅದು ಅಡಿಯಲ್ಲಿ ನಿಲ್ಲುವುದೇ ಇಲ್ಲ. ಕೊಡಲೇಬೇಕು ಅಂತಿದ್ದರೆ ದುಡ್ಡು ತೆಗೆದಿಡಿ. ಅವರು ಮನೆ ಹಿಡಿದು ಅಳತೆ ತಗೊಂಡ ಮೇಲೆ ಅವರೇ ಕೊಳ್ಳಲಿ. ಚಪ್ಪರದಲ್ಲಿ ನಾಲ್ಕು ಜನ ಬೀರು ನೋಡಲಿ ಅನ್ನುವ ಆಸೆ ಬಿಡುವುದು ಕಷ್ಟ, ಗೊತ್ತು.

ಸ್ವಂತ ಫ್ಲಾಟ್ ಕೊಳ್ಳುವವರು ಚದರಡಿ ಕೇಳುವಾಗ ಒಂದನ್ನು ಗಮನಿಸಿ. ಸೂಪರ್ ಬಿಲ್ಟ್ ಅಪ್ ಅಂತ ಹೇಳುವ ಅಳತೆಯಲ್ಲಿ ಮೆಟ್ಟಿಲು, ಲಿಫ್ಟು, ಕಾರಿಡಾರಿನ ನಿಮ್ಮ ಪಾಲೂ ಸೇರಿರುತ್ತದೆ. ಅಲ್ಲಿ ನೀವು ಮಂಚ ಹಾಕುವ ಹಾಗಿಲ್ಲವಲ್ಲ! 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆ, ಕಾರ್ಪೆಟ್ ಏರಿಯಾ ಅಂದರೆ ಏನು ಅಂತ ಬಿಡಿಸಿ ಹೇಳಿದೆ. ಮನೆಯೊಳಗಿನ ಬಳಸುವ ನೆಲ, ಒಳಗಿನ ಅಡ್ಡಗೋಡೆಗಳು ಅದರಲ್ಲಿ ಸೇರುತ್ತವೆ. ಹೊರಗೋಡೆ, ಬಾಲ್ಕನಿ ಸೇರುವುದಿಲ್ಲ. ಸಾಮಾನಿನ ಲೆಕ್ಕಕ್ಕೆ ಬೇಕಾದ್ದು ಆ ಸಂಖ್ಯೆ.

ಮಾಡಿಸುವುದು ಯಾವ ಮರದಲ್ಲಿ? ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಸಿಲ್ವರ್ ಓಕ್ ಬೇಕಾದಷ್ಟಿದೆ, ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ. ಮರ ಹಗುರ, ತೇಗಕ್ಕೆ ಹೋಲಿಸಿದರೆ ಅಗ್ಗ. ಚೆನ್ನಾಗಿ ಒಣಗಿಸಿ, ಹುಳ ಬೀಳದಂತೆ ಔಷಧಿ ಹೊಡೆಸಿದರೆ ದಿವಾನಿಗೆ, ರ‍್ಯಾಕಿಗೆ ನಡೆಯುತ್ತದೆ. ಹಸಿ ಮರದಲ್ಲಿ ಮಾಡಿಸಿದರೆ ಬೇಸಿಗೆ ಬರುವಷ್ಟರಲ್ಲಿ ಹಲಗೆ ಸೊಟ್ಟಗಾಗಿ ಬಾಗಿಲು ಕೂರುವುದಿಲ್ಲ. ಪ್ಲೈವುಡ್ ಆದರೆ ಅಡುಗೆಮನೆಗೆ, ಬಚ್ಚಲಿನ ಪಕ್ಕದ ಗೋಡೆಗೆ ಐಎಸ್ 710 ಅನ್ನುವ ಭಾರತೀಯ ಮಾನಕದ ಗುರುತು ಇರುವುದನ್ನು ಕೇಳಿ. ಅದು ನೀರಿಗೆ ತಡೆಯುತ್ತದೆ. ಹಾಲ್‌ಗೆ ಐಎಸ್ 303 ಸಾಕು. ರೆಡಿಮೇಡ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್. ಮರದ ಪುಡಿಯನ್ನು ಅಂಟಿನ ಜೊತೆ ಒತ್ತಿ ಮಾಡಿದ್ದು. ನೆಲ ಒರೆಸುವ ನೀರು ಬುಡಕ್ಕೆ ತಾಗುತ್ತಾ ತಾಗುತ್ತಾ ಅಂಚು ಉಬ್ಬುತ್ತದೆ. ಒಮ್ಮೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಅಂಥದ್ದು ಮನೆಯಲ್ಲಿದ್ದರೆ ಬುಡಕ್ಕೆ ಎರಡು ಇಂಚಿನ ಕಾಲು ಕೊಡಿಸಿ.

ಬಾಕ್ಸ್ ಮಂಚ ಸಣ್ಣ ಮನೆಗೆ ಒಳ್ಳೆಯದೇ. ಆದರೆ ನಮ್ಮ ಮಳೆಗಾಲದ ವಿಷಯ ಬೆಂಗಳೂರಿನ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿ ಆಡದೆ ಇದ್ದರೆ ರೇಷ್ಮೆ ಸೀರೆ, ಉಣ್ಣೆ ಕಂಬಳಿ, ಚರ್ಮದ ಬ್ಯಾಗು, ಎಲ್ಲಕ್ಕೂ ಬೂಷ್ಟು. ಚಿಕ್ಕಮಗಳೂರು, ಸಕಲೇಶಪುರದವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಮಂಚದ ಪಕ್ಕದ ಹಲಗೆಗೆ ರೂಪಾಯಿ ಅಗಲದ ತೂತುಗಳನ್ನು ಸಾಲಾಗಿ ಕೊರೆಸಿ. ಹೊರಗೋಡೆಗೆ ಮಂಚ, ಕಪಾಟು ಯಾವುದನ್ನೂ ಪೂರ್ತಿ ಅಂಟಿಸಬೇಡಿ. ಬೆರಳು ತೂರುವಷ್ಟು ಸಂದಿ ಇರಲಿ. ತಣ್ಣಗಿನ ಗೋಡೆಗೆ ಒಳಗಿನ ಆವಿ ತಾಗಿ ನೀರಾಗುತ್ತದೆ, ಕಪಾಟಿನ ಬೆನ್ನಿನಿಂದ ಬೂಷ್ಟು ಶುರುವಾಗುವುದು ಹಾಗೆ.

ಬಟ್ಟೆ ಒಣಗಿಸುವುದೂ ಅದೇ ಗೋಳು. ಹಾಲ್‌ನಲ್ಲಿ ಸ್ಟ್ಯಾಂಡ್ ಬಿಡಿಸಿಟ್ಟರೆ ನಾಲ್ಕು ತಿಂಗಳು ಹಾಲ್ ಇಲ್ಲ. ಬಾಲ್ಕನಿಯ ಸೂರಿಗೆ ರಾಟೆ, ಹಗ್ಗ ಇರುವ ಕಂಬಿಗಳನ್ನು ಹಾಕಿಸಿ. ಕೆಳಗಿಳಿಸಿ ಬಟ್ಟೆ ಹರವಿ ಮೇಲಕ್ಕೆ ಎಳೆದುಬಿಟ್ಟರೆ ತಲೆಗೆ ತಾಗುವುದಿಲ್ಲ. ದಯವಿಟ್ಟು ಬಾಲ್ಕನಿಗೆ ಗಾಜು ಹಾಕಿ ಕೋಣೆ ಮಾಡಿಕೊಳ್ಳಬೇಡಿ. ಗಾಳಿ, ಬಿಸಿಲು ಬರುವ ಜಾಗ ಇರುವುದು ಅದೊಂದೇ.

ಅಡುಗೆಮನೆಯಲ್ಲಿ ನಾನು ಮೊದಲು ನೋಡುವುದು ಸಿಲಿಂಡರ್. ಕಟ್ಟೆಯ ಕೆಳಗೆ ಬಾಗಿಲು ಹಾಕಿ ಬಚ್ಚಿಡುವುದು ಈಗ ಫ್ಯಾಷನ್. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗುವುದಿಲ್ಲ, ಕೆಳಗೇ ನಿಲ್ಲುತ್ತದೆ. ಹಾಗಾಗಿ ಆ ಬಾಗಿಲಿನ ಬುಡದಲ್ಲಿ ಜಾಲರಿ ಇರಲೇಬೇಕು, ಸಿಲಿಂಡರ್ ನೆಟ್ಟಗೇ ನಿಂತಿರಬೇಕು. ಜಾಗ ಉಳಿಸುವ ಹುಮ್ಮಸ್ಸಿನಲ್ಲಿ ಇದನ್ನು ಮಾತ್ರ ಮರೆಯಬೇಡಿ. ವಾಷಿಂಗ್ ಮೆಷಿನನ್ನೂ ಕಟ್ಟೆಯ ಕೆಳಗೆ ಕೂರಿಸುವ ಆಸೆ ಇದ್ದರೆ ಮುಂದೆ ಬಾಗಿಲಿರುವುದನ್ನೇ ಕೊಳ್ಳಬೇಕು. ಅದು ಸಾಮಾನ್ಯವಾಗಿ 85 ಸೆಂಟಿಮೀಟರ್, ಅಂದರೆ ಮೂವತ್ತಮೂರೂವರೆ ಇಂಚು ಎತ್ತರ. ಕಲ್ಲು ಕೂರಿಸುವ ಮುಂಚೆಯೇ ಮೇಸ್ತ್ರಿಗೆ ಹೇಳಿ, ಆಮೇಲೆ ಅರ್ಧ ಇಂಚಿಗೆ ಪರದಾಡುವ ಹಾಗಾಗುತ್ತದೆ.

ಡಬ್ಬಿಗಳಿಗೆ ಆಳವಾದ ಶೆಲ್ಫ್ ಬೇಡ. ಅರ್ಧ ಅಡಿ ಸಾಕು, ಒಂದೇ ಸಾಲು. ಡಬ್ಬಿ ಹಿಂದೆ ಡಬ್ಬಿ ಇಟ್ಟರೆ ಹಿಂದಿನದು ಮರೆತೇ ಹೋಗಿ ಕಡಲೆಬೇಳೆ ಎರಡೆರಡು ಸಲ ತರುತ್ತೀರಿ. ಊರಿಂದ ಬರುವ ಮೂಟೆಗಳ ಕಥೆ ಬೇರೆ. ಅರಸೀಕೆರೆ ಕಡೆ ನೆಂಟರಿದ್ದರೆ ತೆಂಗಿನಕಾಯಿ, ಜಮೀನಿದ್ದವರಿಗೆ ರಾಗಿ, ಹೊಸ ಬೆಳೆ ಬಂದಾಗ ಆಲೂಗೆಡ್ಡೆ. ಬೇಡ ಅನ್ನಲು ಬಾಯಿ ಬರುವುದಿಲ್ಲ. ಎರಡು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಕಳಿಸಿ ಅಂತ ಅಮ್ಮನಿಗೆ ಹೇಳಿ ನೋಡಿ. ಬೈದುಕೊಂಡೇ ಒಪ್ಪುತ್ತಾರೆ.

ಬಾಡಿಗೆ ಮನೆಯವರಿಗೆ ಗೋಡೆಯ ಮಾತು ಹೇಳಿದರೆ ನಗುತ್ತೀರಿ. ಮೊಳೆ ಹೊಡೆಯಬಾರದು ಅಂತ ಓನರ್ ಮೊದಲ ದಿನವೇ ಹೇಳಿರುತ್ತಾರೆ. ನಿಮಗೆ ಕಬ್ಬಿಣದ ಆಂಗಲ್ ರ‍್ಯಾಕೇ ಗತಿ. ನಟ್ಟು ಬೋಲ್ಟಿನದು, ಬಿಚ್ಚಿ ಒಯ್ಯಬಹುದು, ಮುಂದಿನ ಮನೆಯಲ್ಲಿ ಎತ್ತರ ಬದಲಿಸಿಕೊಳ್ಳಬಹುದು. ಮುಂದೆ ಒಂದು ಪರದೆ ಬಿಟ್ಟರೆ ಕಪಾಟೇ. ಸಣ್ಣ ಮಕ್ಕಳಿದ್ದರೆ ಭಾರದ ಸಾಮಾನು ಕೆಳಗಿನ ಖಾನೆಗೆ ಹಾಕಿ, ರ‍್ಯಾಕಿನ ತಲೆಯನ್ನು ಕಿಟಕಿ ಸರಳಿಗೆ ಕಟ್ಟಿ. ಮಕ್ಕಳು ಅದನ್ನು ಏಣಿ ಅಂದುಕೊಳ್ಳುತ್ತಾರೆ. ಸ್ವಂತ ಮನೆಯವರು ಗೋಡೆಗೆ ಕಪಾಟು ತೂಗುಹಾಕುವ ಮುಂಚೆ ಗೋಡೆಯನ್ನು ತಟ್ಟಿ ನೋಡಿ. ಟೊಳ್ಳು ಬ್ಲಾಕಿನ 4 ಇಂಚಿನ ಗೋಡೆ ಸಾದಾ ಸ್ಕ್ರೂ ಮೇಲೆ ಕುಕ್ಕರ್, ಕಂಚಿನ ಪಾತ್ರೆಗಳ ಭಾರ ಹೊರುವುದಿಲ್ಲ.

ಮಕ್ಕಳಿಗೆ ಎರಡಂತಸ್ತಿನ ಮಂಚ ಮಾಡಿಸುವವರು ಮೊದಲು ಫ್ಯಾನ್ ಎಲ್ಲಿದೆ ನೋಡಿ. ಮೇಲಿನ ಹುಡುಗ ಕೈ ಚಾಚಿದರೆ ರೆಕ್ಕೆ ಸಿಗುವಂತಿದ್ದರೆ ಆ ಮಂಚ ಬೇಡವೇ ಬೇಡ, ಇಲ್ಲಾ ಫ್ಯಾನ್ ತೆಗೆಸಿ ಗೋಡೆಗೆ ಹಾಕಿಸಿ. ಬೆಳಕಿನ ವಿಚಾರ ಜಾಸ್ತಿ ಹೇಳಬೇಕಾಗಿಲ್ಲ. ಎತ್ತರದ ಸಾಮಾನು ಕಿಟಕಿ ಇರುವ ಗೋಡೆಗೆ ಬೇಡ, ಕನ್ನಡಿ ಕಿಟಕಿಯ ಎದುರಿಗಿರಲಿ, ಗೋಡೆಗೆ ತಿಳಿ ಬಣ್ಣ.

ಕೊನೆಗೆ ಇನ್ನೊಂದು ಅಳತೆ. ಕೋಣೆ ಅಳೆದಿರಿ, ಮಂಚ ಅಳೆದಿರಿ. ಮೆಟ್ಟಿಲಿನ ತಿರುವು ಅಳೆದಿರಾ? ಕೋಣೆಯ ಬಾಗಿಲು ಮೂರಡಿ ಇದ್ದರೂ ಚೌಕಟ್ಟು ಕಳೆದರೆ ಒಳಗೆ ಸಿಗುವುದು ಅದಕ್ಕಿಂತ ಕಡಿಮೆ. ಲಿಫ್ಟಿನ ಎತ್ತರವನ್ನೂ ಬರೆದುಕೊಳ್ಳಿ. ಬಿಚ್ಚಿ ಜೋಡಿಸುವಂಥ ಮಂಚ, ಬೋಲ್ಟು ಹಾಕಿದ್ದು, ಆದರೆ ಈ ತಾಪತ್ರಯ ಇಲ್ಲ. ವರ್ಗಾವಣೆ ಆಗುವ ನೌಕರಿಯವರಿಗಂತೂ ಅದೇ ಸರಿ. ಇಡಿಯಾಗಿ ಮೊಳೆ ಹೊಡೆದು ಮಾಡಿದ್ದನ್ನು ಮೂರನೇ ಮಹಡಿಗೆ ಹೊರಗಿನಿಂದ ಹಗ್ಗ ಕಟ್ಟಿ ಎಳೆಸಬೇಕಾದರೆ, ಮಂಚಕ್ಕೆ ಕೊಟ್ಟ ದುಡ್ಡಿನ ಮೇಲೆ ಕೂಲಿ ಬೇರೆ, ಕೆಳಗೆ ನಿಂತು ನೋಡುವ ಬೀದಿಯವರ ಸಲಹೆ ಬೇರೆ.

ನಮಸ್ಕಾರ.