ಒಂದೇ ವೇಗವಾದರೆ ಸಾಲದು

ಕೇಳುಗರಿಗೆ ನಮಸ್ಕಾರ. ಸಂಗೀತದ ಕೀಬೋರ್ಡಿನ ಒಳಗೆ ಏನಿದೆ ಎಂದು ಮುಚ್ಚಳ ಬಿಚ್ಚಿ, ಮನೆಯವರಿಂದ ಬೈಸಿಕೊಂಡ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರನ್ನು ನೆನೆದು ನಾನು ಮಾತನಾಡುತ್ತಿದ್ದೇನೆ.

ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆಯಿದ್ದು, ಅವುಗಳನ್ನು ತಂತಿಗಳಿಂದ ನಾವೇ ಜೋಡಿಸಿಕೊಳ್ಳುವ ವಾದ್ಯವೇ ಮಾಡ್ಯುಲರ್ ಸಿಂಥಸೈಜರ್. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಮೂಗ್ ಮತ್ತು ಡಾನ್ ಬುಕ್ಲಾ ಇದನ್ನು ಬೇರೆಬೇರೆಯಾಗಿ ರೂಪಿಸಿದರು. ಅದರಲ್ಲಿರುವ ಎಲ್‌ಎಫ್‌ಒ, ಅಂದರೆ ಮಂದಗತಿಯ ಆಂದೋಲಕ, ಸೆಕೆಂಡಿಗೆ 20ಕ್ಕಿಂತ ಕಡಿಮೆ ಸುತ್ತು ಹಾಕುವುದರಿಂದ ಅದರ ಸದ್ದು ಕೇಳಿಸದು. ಆದರೆ ಬೇರೆ ಪೆಟ್ಟಿಗೆಗಳ ದನಿಯನ್ನು ಏರಿಸಿ ಇಳಿಸುವುದು ಅದೇ. ಇಂಥ ಎರಡರ ವೇಗದ ಗುಂಡಿಗಳನ್ನು ಒಂದೇ ಗೆರೆಗೆ ತಂದು, ಇನ್ನು ಕೂಡಿ ನಡೆಯುತ್ತವೆ ಎಂದು ಹೊಸಬರು ನಂಬುತ್ತಾರೆ. ನಡೆಯುವುದಿಲ್ಲ. ಒಂದೇ ವೇಗವಾದರೆ ಸಾಲದು.

ನಾನು ಬನಹಟ್ಟಿಯಲ್ಲಿ ಬೆಳೆದವನು. ನಮ್ಮ ಮನೆಯಲ್ಲಿ ಎರಡು ವಿದ್ಯುತ್ ಮಗ್ಗಗಳಿದ್ದವು. ಒಂದೇ ಬಗೆಯವು, ಒಂದೇ ದಿನ ಬಂದವು. ಮಧ್ಯಾಹ್ನ ಊಟವಾದ ಮೇಲೆ ನೂಲಿನ ಗಂಟಿಗೆ ತಲೆಯಿಟ್ಟು ಮಲಗಿ ಆಲಿಸುತ್ತಿದ್ದೆ. ಎರಡು ಲಾಳಿಗಳ ಹೊಡೆತ ಮೊದಲು ಒಂದೇ ಖಟ್ ಆಗಿ ಬೀಳುತ್ತಿತ್ತು. ಬರಬರುತ್ತ ಒಂದು ಹಿಂದೆ ಸರಿದು ಖಟಖಟ್ ಆಗುತ್ತಿತ್ತು. ಆಮೇಲೆ ಒಂದರ ಹೊಡೆತ ಇನ್ನೊಂದರ ಎರಡು ಹೊಡೆತಗಳ ಸರಿನಡುವೆ ಬಿದ್ದು, ಮಗ್ಗ ಇಮ್ಮಡಿ ಓಡಿದಂತೆ ಕೇಳಿ, ಕೊನೆಗೆ ಮತ್ತೆ ಕೂಡುತ್ತಿತ್ತು. ಎರಡನ್ನೂ ನಿಲ್ಲಿಸಿ ಒಟ್ಟಿಗೆ ಬಿಡಬಾರದೇ ಎಂದು ಅಪ್ಪನನ್ನು ಕೇಳಿದೆ. ‘ಕೂಡಿ ಬಿಟ್ರ ಆತೇನೋ ತಮ್ಮಾ, ಸ್ವಲ್ಪ ಹೊತ್ತಿಗೆ ಮತ್ತ ಇದರ ಹಾದಿ ಇದಕ್ಕ, ಅದರ ಹಾದಿ ಅದಕ್ಕ’ ಎಂದು ಅವರು ಬೆಲ್ಟಿನ ಸಡಿಲು ತೋರಿಸಿದರು.

ಆಂದೋಲಕದಲ್ಲಿ ಬೆಲ್ಟಿನ ಜಾಗದಲ್ಲಿ, ಅದರ ವೇಗವನ್ನು ನಿರ್ಧರಿಸುವ ಕೆಪ್ಯಾಸಿಟರ್, ರೆಸಿಸ್ಟರ್ ಎಂಬ ಬಿಡಿಭಾಗಗಳಿವೆ. ಅವುಗಳ ಅಳತೆ ಎಂದೂ ಪೂರ್ತಿ ಒಂದೇ ಇರದು, ನಮ್ಮ ಏಪ್ರಿಲ್ ಬಿಸಿಲಿಗೆ ಇನ್ನಷ್ಟು ಸರಿಯುತ್ತದೆ. ಒಂದು ಸೆಕೆಂಡಿಗೆ 1 ಸುತ್ತು, ಇನ್ನೊಂದು 1.01 ಸುತ್ತು ಹಾಕಿದರೆ 50 ಸೆಕೆಂಡಿಗೆ ಒಂದು ಏರುವಾಗ ಇನ್ನೊಂದು ಇಳಿಯುತ್ತಿರುತ್ತದೆ. ಆದ್ದರಿಂದ ಮೊದಲನೆಯದರ ಚೌಕ ಅಲೆಯನ್ನು, ಅಂದರೆ ಥಟ್ಟನೆ ಏರಿ ಥಟ್ಟನೆ ಇಳಿಯುವ ಅಲೆಯನ್ನು, ಎರಡನೆಯದರ ರೀಸೆಟ್ ತೂತಿಗೆ ತಂತಿಯಿಂದ ಕೊಡಿ. ಆಗ ಪ್ರತಿ ಸುತ್ತಿನಲ್ಲೂ ಎರಡನೆಯದು ಮೊದಲಿನಿಂದ ಹೊರಡಲೇಬೇಕಾಗುತ್ತದೆ. ಒಮ್ಮೆ ಕೂಡಿಸಿದರೆ ಸಾಲದು, ಪ್ರತಿ ಸುತ್ತಿಗೂ ಕೂಡಿಸಬೇಕು. ಇದನ್ನು ಎಷ್ಟು ಸಲ ಹೇಳಿದರೂ ಗುಂಡಿ ತಿರುಗಿಸುವವರು ತಿರುಗಿಸುತ್ತಲೇ ಇರುತ್ತಾರೆ.

ಮಗ್ಗದ ಮಾತಿಗೇ ಹೊತ್ತಾಯಿತು. ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬುದೇ ಫೇಸ್; ಪೂರ್ತಿ ಸುತ್ತಿಗೆ 360 ಡಿಗ್ರಿ. ಅದನ್ನು ಬೇಕೆಂದೇ ಹಿಂದೆ ಮುಂದೆ ಮಾಡುವ ವಿಷಯವನ್ನು ಬೇಗ ಹೇಳುತ್ತೇನೆ. ಅಲೆಯನ್ನು ಇನ್ವರ್ಟರ್ ಎಂಬ ಪೆಟ್ಟಿಗೆಯಿಂದ (ಮನೆಯ ಕರೆಂಟಿನದಲ್ಲ) ತಲೆಕೆಳಗು ಮಾಡಿದರೆ 180 ಡಿಗ್ರಿ, ಅರ್ಧ ಸುತ್ತು. ಕ್ವಾಡ್ರೇಚರ್ ಆಂದೋಲಕ 0, 90, 180, 270 ಡಿಗ್ರಿಯ ನಾಲ್ಕು ಅಲೆಗಳನ್ನು ತಾನೇ ಕೊಡುತ್ತದೆ. ಅವುಗಳಿಂದ ಕೋಣೆಯ ನಾಲ್ಕು ಮೂಲೆಯ ಸ್ಪೀಕರ್‌ಗಳ ದನಿಯನ್ನು ಏರಿಳಿಸಿದರೆ ಸ್ವರ ನಿಮ್ಮ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ಅದಿಲ್ಲದವರು, ಸುತ್ತು 2 ಸೆಕೆಂಡಿನದಾಗಿದ್ದರೆ, ರೀಸೆಟ್ ಸಂಕೇತವನ್ನು ಅರ್ಧ ಸೆಕೆಂಡು ತಡಮಾಡಿ ಕಳಿಸಿ. 90 ಡಿಗ್ರಿ ದೊರೆಯುತ್ತದೆ. ವೇಗ ಬದಲಿಸಿದರೆ ಆ ಅರ್ಧ ಸೆಕೆಂಡನ್ನೂ ಬದಲಿಸಬೇಕು. ನಮಸ್ಕಾರ.