ವಿಮಾನವೋ ಹಡಗೋ, ಮೊದಲು ಪೆಟ್ಟಿಗೆ ಅಳೆಯಿರಿ

ಕೇಳುಗರಿಗೆ ನಮಸ್ಕಾರ.

ಮೈಸೂರಿನ ಅಗರಬತ್ತಿಗೋ ರೇಷ್ಮೆ ಸೀರೆಗೋ ಮಂಡ್ಯದ ಬೆಲ್ಲಕ್ಕೋ ಹೊರದೇಶದಿಂದ ಮೊದಲ ಆರ್ಡರ್ ಬಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ವಿಮಾನಕ್ಕೆ ಕಿಲೋಗೆ ಎಷ್ಟು, ಹಡಗಿಗೆ ಕಿಲೋಗೆ ಎಷ್ಟು? ಎಡವುವುದು ಇಲ್ಲಿಯೇ. ಹಡಗಿನವರು ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ಬಾಡಿಗೆ ಹೇಳುವುದಿಲ್ಲ. ವಿಮಾನದವರು ಹೇಳುವ ಕಿಲೋ ನಿಮ್ಮ ತಕ್ಕಡಿಯ ಕಿಲೋ ಆಗಿರಬೇಕೆಂದಿಲ್ಲ. ಆದ್ದರಿಂದ ಸರಕು ಸಾಗಣೆಯ ಏಜೆಂಟರಿಗೆ ಫೋನ್ ಮಾಡುವ ಮೊದಲು ಟೇಪು ಹಿಡಿದು ಪ್ಯಾಕಿಂಗ್ ಕೋಣೆಗೆ ಹೋಗಿ.

ಕಾಗದ, ಪೆನ್ನು ಕೈಗೆ ಸಿಕ್ಕರೆ ಬರೆದುಕೊಳ್ಳಿ. ಅಗರಬತ್ತಿಯ ರಟ್ಟಿನ ಪೆಟ್ಟಿಗೆ, ಉದ್ದ 60, ಅಗಲ 40, ಎತ್ತರ 40 ಸೆಂಟಿಮೀಟರ್; ತೂಕ 14 ಕಿಲೋ ಎಂದಿಟ್ಟುಕೊಳ್ಳಿ. ಮೂರೂ ಅಳತೆ ಗುಣಿಸಿದರೆ 96,000. ವಿಮಾನದ ಲೆಕ್ಕದಲ್ಲಿ ಇದನ್ನು 6,000ದಿಂದ ಭಾಗಿಸುತ್ತಾರೆ, ಬರುವುದು 16. ತಕ್ಕಡಿಯ 14, ಅಳತೆಯ 16, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಇಂಥ 40 ಪೆಟ್ಟಿಗೆ ಕಳಿಸಿದರೆ ನಿಜವಾದ ತೂಕ 560 ಕಿಲೋ, ನೀವು ಕಟ್ಟುವುದು 640 ಕಿಲೋಗೆ. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ 5,000ದಿಂದಲೇ ಭಾಗಿಸುತ್ತವೆ. ಅಲ್ಲಿ ಅದೇ ಪೆಟ್ಟಿಗೆ 19 ಕಿಲೋ ದಾಟುತ್ತದೆ.

ಈಗ ಆ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ. ಮೇಲೆ ನಾಲ್ಕೈದು ಸೆಂಟಿಮೀಟರ್ ಖಾಲಿ ಜಾಗವಿದ್ದು, ಅದಕ್ಕೆ ಕಾಗದದ ಚೂರು ತುಂಬಿರುತ್ತಾರೆ. ಎತ್ತರವನ್ನು 35ಕ್ಕೆ ಇಳಿಸಿ ಪೆಟ್ಟಿಗೆ ಮಾಡಿಸಿದರೆ ಅಳತೆಯ ತೂಕವೂ ಸರಿಯಾಗಿ 14 ಕಿಲೋ. 40 ಪೆಟ್ಟಿಗೆಗೆ 80 ಕಿಲೋ ಬಾಡಿಗೆ ಉಳಿಯಿತು. ಹಾಗಂತ ಅದುಮಿ ತುಂಬಬೇಡಿ. ಕಡ್ಡಿ ಮುರಿಯುವುದಲ್ಲದೆ ಪೆಟ್ಟಿಗೆಯ ಹೊಟ್ಟೆ ಉಬ್ಬುತ್ತದೆ, ಕಾರ್ಗೋ ಟರ್ಮಿನಲ್‌ನಲ್ಲಿ ಉಬ್ಬಿದ ಜಾಗಕ್ಕೇ ಅಳತೆ ಹಿಡಿಯುತ್ತಾರೆ. ಎರಡು ಸೆಂಟಿಮೀಟರ್ ಉಬ್ಬಿ 40 ಇದ್ದದ್ದು 42 ಆದರೆ, ಬಿಲ್ಲಿನಲ್ಲಿ 640 ಇದ್ದದ್ದು 672.

ಹಡಗಿನ ಲೆಕ್ಕ ಬೇರೆ. ಕಂಟೇನರಿನಲ್ಲಿ ಬೇರೆಯವರ ಸರಕಿನ ಜೊತೆ ಪಾಲಿಗೆ ಹೋಗುವುದನ್ನು ಎಲ್‌ಸಿಎಲ್ ಅನ್ನುತ್ತಾರೆ. ಅಲ್ಲಿ ಸರಕು ಎಷ್ಟು ಘನ ಮೀಟರ್, ಎಷ್ಟು ಟನ್ ಎಂದು ನೋಡಿ, ಯಾವ ಸಂಖ್ಯೆ ಹೆಚ್ಚೋ ಅದಕ್ಕೆ ಬಾಡಿಗೆ. ಬೆಲ್ಲದ ಪೆಟ್ಟಿಗೆ 40, 30, 25 ಸೆಂಟಿಮೀಟರ್ ಇದ್ದು 20 ಕಿಲೋ ತೂಗಿದರೆ, 50 ಪೆಟ್ಟಿಗೆಗೆ ವಿಮಾನದಲ್ಲಿ ಪೂರ್ತಿ 1,000 ಕಿಲೋ ಬಾಡಿಗೆ. ಹಡಗಿನಲ್ಲಿ ಬರೀ ಒಂದೂವರೆ ಘನ ಮೀಟರ್. ನನ್ನ ಮಟ್ಟಿಗೆ ಬೆಲ್ಲಕ್ಕೆ ವಿಮಾನದ ಮಾತೇ ಬೇಡ, ಸ್ಯಾಂಪಲ್ ಒಂದನ್ನು ಬಿಟ್ಟು. ಸರಕು 13ರಿಂದ 15 ಘನ ಮೀಟರ್ ಮುಟ್ಟಿತೆಂದರೆ 20 ಅಡಿಯ ಇಡೀ ಕಂಟೇನರಿಗೂ ದರ ಕೇಳಿ. ಅದರ ಒಳಜಾಗ 33 ಘನ ಮೀಟರ್. ಪೆಟ್ಟಿಗೆ ಜೋಡಿಸಿದಾಗ ಸಿಗುವುದು 25ರಿಂದ 28.

ಎಲ್‌ಸಿಎಲ್ ದರ ಅಗ್ಗವಾಗಿ ಕಂಡರೆ ಒಂದು ಮಾತು ತಪ್ಪದೆ ಕೇಳಿ: ಆ ಕಡೆಯ ಬಂದರಿನ ಖರ್ಚು ಎಷ್ಟು? ಕಂಟೇನರ್ ಬಿಚ್ಚಿ ಬೇರ್ಪಡಿಸುವ ಕೂಲಿ, ಬಂದರಿನ ನಿರ್ವಹಣಾ ಶುಲ್ಕ, ಸರಕು ಬಿಡಿಸಿಕೊಳ್ಳುವ ಚೀಟಿಯಾದ ಡೆಲಿವರಿ ಆರ್ಡರ್‌ನ ಶುಲ್ಕ ಎಲ್ಲ ಅಲ್ಲಿ ಬೀಳುತ್ತವೆ. ಈ ಕಡೆ ಬಾಡಿಗೆ ಇಳಿಸಿ ಆ ಕಡೆ ವಸೂಲು ಮಾಡುವುದು ಈ ವ್ಯವಹಾರದಲ್ಲಿ ಮಾಮೂಲು. ಬಿಲ್ಲು ನೋಡಿದ ನಿಮ್ಮ ಗಿರಾಕಿ ಎರಡನೇ ಆರ್ಡರ್ ಕೊಡದೇ ಹೋಗಬಹುದು.

ದಿನಗಳ ಲೆಕ್ಕವನ್ನು ಬಾಗಿಲಿಂದ ಬಾಗಿಲಿಗೆ ಹಾಕಿ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ವಿದೇಶಕ್ಕೆ ಸರಕು ಹೋಗುವುದಿಲ್ಲ. ಲಾರಿ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೇ ಹೋಗಬೇಕು. ಯೂರೋಪಿಗೆ ಹಾರಾಟ ಒಂದು ದಿನದ್ದಾದರೂ ಕಸ್ಟಮ್ಸ್, ಎಕ್ಸ್-ರೇ, ಸ್ಥಳಾವಕಾಶ ಸೇರಿ ವಾರ ಹಿಡಿದೀತು. ಹಡಗಿಗಾದರೆ ಚೆನ್ನೈ, ಕೊಚ್ಚಿ, ಮಂಗಳೂರು, ಇಲ್ಲವೇ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿ ಶುರುವಾದ ಮೇಲೆ ಬಹಳಷ್ಟು ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಬಳಸಿದವು. ಯೂರೋಪಿನ ದಾರಿಗೆ ಹತ್ತು, ಹದಿನಾಲ್ಕು ದಿನ ಕೂಡಿತು. ಕ್ರಿಸ್‌ಮಸ್ ಮಾರಾಟಕ್ಕೆ ಸರಕು ಕಳಿಸುವವರು ಇಂಥ ದಿನಗಳನ್ನು ಮೊದಲೇ ಕೈಯಲ್ಲಿಟ್ಟುಕೊಳ್ಳಬೇಕು.

ಸಮುದ್ರದ ಮೇಲೆ ಬೆಲ್ಲಕ್ಕೆ ಶತ್ರು ನೀರಲ್ಲ, ತೇವ. ಹಗಲು ಕಾದ ಕಂಟೇನರ್ ರಾತ್ರಿ ತಣ್ಣಗಾದಾಗ ಒಳಗಿನ ಗಾಳಿಯ ತೇವ ತಗಡಿನ ಸೂರಿಗೆ ಹನಿಗಟ್ಟಿ ತೊಟ್ಟಿಕ್ಕುತ್ತದೆ. ಪೆಟ್ಟಿಗೆಯೊಳಗೆ ದಪ್ಪ ಪಾಲಿಥೀನ್ ಚೀಲ, ಕಂಟೇನರಿನಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ಇರಲೇಬೇಕು. ಪೆಟ್ಟಿಗೆ ಜೋಡಿಸುವ ಹಲಗೆ, ಅಂದರೆ ಪ್ಯಾಲೆಟ್, ಹಸಿ ಮರದ್ದು ಬೇಡ. ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾಯುವಂತೆ ಶಾಖ ಕೊಟ್ಟು, ಐಎಸ್‌ಪಿಎಂ 15 ಮುದ್ರೆ, ಅಂದರೆ ಮರದ ಕೀಟ ತಡೆಯುವ ಅಂತಾರಾಷ್ಟ್ರೀಯ ನಿಯಮದ ಗುರುತು, ಒತ್ತಿರಬೇಕು. ಮುದ್ರೆ ಇಲ್ಲದಿದ್ದರೆ ಆ ಕಡೆಯ ಬಂದರಿನಲ್ಲಿ ಸರಕು ತಡೆದು ನಿಲ್ಲಿಸುತ್ತಾರೆ. ಅಗರಬತ್ತಿಯ ಜೊತೆ ಸುಗಂಧದ ಎಣ್ಣೆ ಕಳಿಸುವವರು ಅದರ ಸುರಕ್ಷತಾ ಪತ್ರ ಸಿದ್ಧ ಮಾಡಿಕೊಳ್ಳಿ. 60 ಡಿಗ್ರಿಯೊಳಗೆ ಬೆಂಕಿ ಹಿಡಿಯುವ ಆವಿ ಬಿಡುವ ಎಣ್ಣೆಯನ್ನು ವಿಮಾನದವರು ಅಪಾಯಕಾರಿ ಸರಕೆಂದೇ ಪರಿಗಣಿಸುತ್ತಾರೆ.

ಇನ್ನು ದುಡ್ಡಿನ ವಿಷಯ. ಇದನ್ನು ಗಮನವಿಟ್ಟು ಕೇಳಿ. ಸರಕು ಪಡೆದು ಹಡಗಿನವರು ಕೊಡುವ ರಸೀದಿಯಾದ ಬಿಲ್ ಆಫ್ ಲೇಡಿಂಗ್‌ನ ಮೂಲ ಪ್ರತಿ ಸರಕಿನ ಹಕ್ಕುಪತ್ರವಿದ್ದಂತೆ. ಅದರಲ್ಲಿ ಗಿರಾಕಿಯ ಹೆಸರಿನ ಬದಲು ‘ಟು ಆರ್ಡರ್’, ಅಂದರೆ ಹೇಳಿದವರಿಗೆ ಕೊಡಿ, ಎಂದು ಬರೆಸಿ ಬ್ಯಾಂಕಿನ ಮೂಲಕ ಕಳಿಸಿದರೆ ಗಿರಾಕಿ ಹಣ ಕಟ್ಟುವವರೆಗೂ ಸರಕು ಬಿಡಿಸಿಕೊಳ್ಳಲಾರ. ವಿಮಾನದವರು ಕೊಡುವ ಸಾಗಣೆ ರಸೀದಿಯಾದ ಏರ್‌ವೇ ಬಿಲ್ಲಿಗೆ ಆ ಬಲವಿಲ್ಲ. ಅದರಲ್ಲಿ ಪಡೆಯುವವರೆಂದು ಯಾರ ಹೆಸರಿದೆಯೋ ಅವರು ಗುರುತು ತೋರಿಸಿ ಒಯ್ಯಬಹುದು, ನಿಮಗೆ ಹಣ ಬಂದಿರಲಿ ಬಿಡಲಿ. ಹೊಸ ಗಿರಾಕಿಗೆ ವಿಮಾನದಲ್ಲಿ ಕಳಿಸುವುದಾದರೆ ಮುಂಗಡ ಪಡೆಯಿರಿ, ಇಲ್ಲವೇ ಆ ಊರಿನ ಬ್ಯಾಂಕು ಒಪ್ಪಿದರೆ ಅದರ ಹೆಸರನ್ನೇ ಹಾಕಿಸಿ.

ರೇಷ್ಮೆ ಸೀರೆಗೆ ವಿಮಾನವೇ ಸರಿ. ತೂಕ ಕಡಿಮೆ, ಬೆಲೆ ಹೆಚ್ಚು. ಆದರೆ ವಿಮೆ ಮರೆಯಬೇಡಿ. ಸರಕು ಕಳೆದುಹೋದರೆ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ವಿಮಾನ ಕಂಪನಿಯ ಹೊಣೆ ಹೆಚ್ಚೆಂದರೆ ಕಿಲೋಗೆ 26 ಎಸ್‌ಡಿಆರ್ (ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ಅಂದರೆ ಸುಮಾರು 3,000 ರೂಪಾಯಿ. ಒಂದು ಕಿಲೋ ರೇಷ್ಮೆ ಸೀರೆಯ ಬೆಲೆ ಎಷ್ಟೆಂದು ನಿಮಗೇ ಗೊತ್ತು. ಹಡಗಿಗೂ ವಿಮೆ ಬೇಕು, ಕಾರಣ ಬೇರೆ. ಹಡಗನ್ನು ಉಳಿಸಲು ಕೆಲವರ ಸರಕನ್ನು ಸಮುದ್ರಕ್ಕೆ ಎಸೆಯಬೇಕಾಗಿ ಬಂದರೆ ಆ ನಷ್ಟದಲ್ಲಿ ಎಲ್ಲ ಸರಕಿನವರೂ ಪಾಲು ಕೊಡಬೇಕು. ನಿಮ್ಮ ಪೆಟ್ಟಿಗೆಗೆ ಏನೂ ಆಗದಿದ್ದರೂ ಆ ಪಾಲು ಕಟ್ಟದೆ, ಇಲ್ಲವೇ ವಿಮೆಯವರ ಜಾಮೀನು ಕೊಡದೆ, ಅದು ಕೈಗೆ ಬರುವುದಿಲ್ಲ.